ಏದುಸಿರು ಬಿಡುವ ದೋಣಿ

ಸಂಕ್ರಾಂತಿ ಕಳೆದಿತ್ತು. ಬೂಕನಕೆರೆಯ ಆಚೆ ಚಲುವಯ್ಯನ ಆಲೆಮನೆಯಲ್ಲಿ ಚಳಿ ಬಿಡುವ ಮೊದಲೇ ಗಾಣ ಶುರುವಾಗಿತ್ತು. ಡೀಸೆಲ್ ಎಂಜಿನ್ನು ಡುಗು ಡುಗು ಎನ್ನುತ್ತಿತ್ತು. ಬೈರಮ್ಮ ಎರಡೆರಡೇ ಕಬ್ಬನ್ನು ಗಾಣದ ಬಾಯಿಗೆ ಕೊಡುತ್ತಿದ್ದಳು. ಕಬ್ಬಿನ ಹಾಲು ಪೈಪಿನಲ್ಲಿ ಹರಿದು ದೊಡ್ಡ ಕೊಪ್ಪರಿಗೆಗೆ ಬೀಳುತ್ತಿತ್ತು.

"ಮಾವ, ಇನ್ನೂ ಎಷ್ಟೊತ್ತು?" ಅರ್ಪಿತ ಮತ್ತೆ ಕೇಳಿದಳು.

"ಈ ಕಬ್ಬಿನ ರಾಶಿ ಮುಗೀಲಿ ಪುಟ್ಟಿ. ಪಾಂಡವಪುರಕ್ಕೋಗಿ ಮಸಾಲೆ ದೋಸೆ ತಿನ್ಕಂಡ್ ಬರಾನ."

"ಪ್ರಾಮಿಸ್?"

"ಪ್ರಾಮಿಸ್ಸು."

ಕುಮಾರ್ ಮಾವ ಮಿಲಿಟರಿಯಲ್ಲಿ ಬೋಟ್ ಮೆಕ್ಯಾನಿಕ್. ರಜ ಮುಗಿದಿತ್ತು, ನಾಳೆ ಹೊರಡಬೇಕು. ಇವತ್ತು ಎಂಜಿನ್ ನೋಡಿಕೊಳ್ಳುವ ಆಳು ಬಂದಿರಲಿಲ್ಲವೆಂದು ದೊಡ್ಡಪ್ಪ ಚಲುವಯ್ಯನಿಗೆ ಸಹಾಯ ಮಾಡಲು ಬಂದಿದ್ದ. ಆದರೆ ಅವನ ಗಮನ ಇಲ್ಲಿರಲಿಲ್ಲ. ಕಡ್ಡಿ ಹಿಡಿದು ನೆಲದ ಮೇಲೆ ದೋಣಿಯೊಂದನ್ನು ಗೀಚುತ್ತಿದ್ದ.

"ಮತ್ತೆ ಅದೇ ಬೋಟಾ?" ಅರ್ಪಿತ ಪಕ್ಕದಲ್ಲಿ ಕೂತಳು.

"ಊಂ, ಜೆಟ್ ಬೋಟು. ಹೊರಗಡೆ ಫ್ಯಾನ್ ಇರಲ್ಲ. ಹೊಟ್ಟೆ ಕೆಳಗಿಂದ ನೀರು ಎಳ್ಕಂಡು ಹಿಂದಕ್ಕೆ ಜೋರಾಗಿ ಉಗೀತದೆ. ಆ ರಭಸಕ್ಕೆ ಬೋಟು ಮುಂದಕ್ಕೋಯ್ತದೆ."

"ಮತ್ತೆ ಏನು ತೊಂದ್ರೆ?"

"ಇಲ್ಲಿ ಕೆಳಗೆ ಬಾಣದಂಗೆ ಓಡ್ತದೆ. ಮೇಲೆ ಲಡಾಕಿನ ಸರೋವರದಲ್ಲಿ ನಾಲ್ಕು ಜನ ಕೂತ್ರೆ ಸಾಕು, ಮೂತಿನೇ ಎತ್ತಾಕಿಲ್ಲ. ಎಮ್ಮೆ ಈಜ್ದಂಗೆ ಈಜ್ತದೆ."

ಬೆಲ್ಲದ ಅಚ್ಚು ತೊಳೆಯುತ್ತಿದ್ದ ಚಲುವಯ್ಯ ನಕ್ಕ. "ರಜಾದಲ್ಲೂ ಆ ದೋಣಿ ನಿನ್ ಬೆನ್ನು ಬುಡಾಕಿಲ್ವೇನ್ಲಾ ಕುಮಾರ? ನಮ್ ಅರಿಗೋಲು ನೋಡು. ಎಂಜಿನ್ನೂ ಇಲ್ಲ, ಏದುಸ್ರೂ ಇಲ್ಲ."

"ಅಲ್ಲಿ ಗಾಳಿನೇ ತೆಳು ದೊಡ್ಡಪ್ಪ. ನಾಕು ಮೆಟ್ಲು ಅತ್ತುದ್ರೆ ನಮಗೇ ಉಸ್ರು ಕಟ್ತದೆ. ಎಂಜಿನ್ನಿಗೂ ಅಂಗೇ." ಕುಮಾರನ ದನಿ ತಗ್ಗಿತು. "ಹೋದ ಸಲ ಆಚೆ ದಡದಿಂದ ಜ್ವರ ಬಂದಿದ್ದ ಹುಡುಗನ್ನ ಕರ್ಕಂಡ್ ಬರೋಷ್ಟರಲ್ಲಿ ಮಧ್ಯಾಹ್ನ ಆಗೋಯ್ತು. ಹೆಂಗೋ ಬದುಕ್ಕಂಡ. ಇನ್ನೊಂದ್ ಸಲ ಅಂಗಾದ್ರೆ?"

ಚಲುವಯ್ಯ ಆಮೇಲೆ ತಮಾಷೆ ಮಾಡಲಿಲ್ಲ. ಕೊಪ್ಪರಿಗೆ ಅರ್ಧ ತುಂಬಿತ್ತು. ಅವನು ಎದ್ದು ಒಲೆಗೆ ಬೆಂಕಿ ಕೊಟ್ಟ.

ಬೈರಮ್ಮ ಟೀ ಕುಡಿಯಲು ಎದ್ದಳು. "ಗಾಣದತ್ರ ಓಗ್ಬೇಡ ಕಣವ್ವ, ಕೈಗಿಯ್ಯಿ ಸಿಕ್ಕಾಕೊಂಡಾತು," ಎಂದು ಅರ್ಪಿತಳಿಗೆ ಹೇಳಿಯೇ ಹೋದಳು.

ಅರ್ಪಿತ ಕಬ್ಬಿನ ರಾಶಿ ನೋಡಿದಳು. ಅದು ಕರಗುವಂತೆಯೇ ಕಾಣಲಿಲ್ಲ. ಎರಡೆರಡು ಕೊಟ್ಟರೆ ಮುಗಿಯುವುದು ಯಾವಾಗ, ದೋಸೆ ತಿನ್ನುವುದು ಯಾವಾಗ? ಒಂದು ತೆಕ್ಕೆ ಕಬ್ಬನ್ನು ತಬ್ಬಿಕೊಂಡು ಬಂದಳು. ದೂರದಿಂದಲೇ ಗಾಣದ ಬಾಯಿಗೆ ತಳ್ಳಿದಳು.

ಗಾಣ ಕಿರ್ರೆಂದಿತು. ಡುಗು ಡುಗು ಸದ್ದು ಡುಗ್... ಡುಗ್... ಎಂದು ಇಳಿಯಿತು. ಕುಮಾರ್ ಓಡಿ ಬಂದು ಎಂಜಿನ್ನಿಗೆ ಇನ್ನಷ್ಟು ಡೀಸೆಲ್ ಕೊಟ್ಟ. ಬುಸ್ಸೆಂದು ಕರೀ ಹೊಗೆ ಬಂತು, ಶಕ್ತಿ ಬರಲಿಲ್ಲ. ಎಂಜಿನ್ನು ಕೆಮ್ಮಿ ನಿಂತೇಹೋಯಿತು.

"ಅಯ್ಯೋ, ಬೆಂಕಿ ಎಳೀರಿ!" ಚಲುವಯ್ಯ ಕೂಗಿದ. ಹಾಲು ಬರುವುದು ನಿಂತಿತ್ತು, ಅರ್ಧವೇ ತುಂಬಿದ ಕೊಪ್ಪರಿಗೆಯ ಕೆಳಗೆ ಬೆಂಕಿ ಉರಿಯುತ್ತಿತ್ತು. ಬೈರಮ್ಮ ಟೀ ಲೋಟ ಬಿಸಾಡಿ ಬಂದು ಒಲೆಯಲ್ಲಿ ಉರಿಯುತ್ತಿದ್ದ ಕಬ್ಬಿನ ಸಿಪ್ಪೆಯನ್ನೆಲ್ಲ ಹೊರಗೆಳೆದಳು. ಅಷ್ಟರಲ್ಲಿ ಕೊಪ್ಪರಿಗೆಯ ಅಂಚಿನಿಂದ ಸೀದ ವಾಸನೆ ಎದ್ದಿತು.

ಅರ್ಪಿತ ಕಬ್ಬಿನ ರಾಶಿಯ ಹಿಂದೆ ಸರಿದಳು. ಈಗ ಬೀಳುತ್ತೆ ಏಟು ಎಂದುಕೊಂಡಳು.

ಯಾರೂ ಅವಳತ್ತ ನೋಡಲಿಲ್ಲ. ಕುಮಾರ್ ಗಾಣವನ್ನು ಹಿಂದಕ್ಕೆ ತಿರುಗಿಸಿ ಸಿಕ್ಕಿಕೊಂಡಿದ್ದ ಕಬ್ಬನ್ನೆಲ್ಲ ಕಿತ್ತು ತೆಗೆದ. ಹ್ಯಾಂಡಲ್ ಹಾಕಿ ಎಂಜಿನ್ ಸ್ಟಾರ್ಟ್ ಮಾಡಿ ಎರಡೇ ಕಬ್ಬು ಕೊಟ್ಟ. ಡುಗು ಡುಗು ಡುಗು. ಏನೂ ಆಗಿಲ್ಲವೆಂಬಂತೆ ಗಾಣ ತಿರುಗಿತು.

ಕುಮಾರ್ ಅದನ್ನೇ ನೋಡುತ್ತ ನಿಂತುಬಿಟ್ಟ.

"ನಾನು ಬರೀ ಎಂಜಿನ್ನೇ ನೋಡ್ತಿದ್ನಲ್ಲ!" ಎಂದ. "ಅಲ್ಲೂ ಹಿಂಗೇ, ಡೀಸೆಲ್ ಜಾಸ್ತಿ ಕೊಟ್ಟೆ, ಬರೀ ಹೊಗೆ ಬಂತು. ತಪ್ಪಿರೋದು ತುತ್ತಲ್ಲಿ ಕಣೇ ಅರ್ಪಿ!"

"ತುತ್ತಾ?" ಅವಳು ರಾಶಿಯ ಹಿಂದಿನಿಂದ ಇಣುಕಿದಳು.

"ಬೋಟಿನ ಹೊಟ್ಟೆಯೊಳಗೆ ರೆಕ್ಕೆ ಇರೋ ಚಕ್ರ ಐತೆ. ಒಂದೊಂದು ಸುತ್ತಿಗೂ ಒಂದ್ ತುತ್ತು ನೀರು ಕಚ್ಚುತ್ತೆ. ಕೆಳಗಿನ ಗಾಳಿಗೆ ಸರಿಯಾಗೋ ತುತ್ತು ಅದು. ಮೇಲಿನ ಗಾಳೀಲಿ ಎಂಜಿನ್ನಿಗೆ ಅಷ್ಟು ಕಸುವಿರಲ್ಲ, ಈ ಗಾಣದಂಗೇ ಮುಗ್ಗರಿಸ್ತದೆ. ರೆಕ್ಕೆಯ ಓರೆ ಕಮ್ಮಿ ಇರೋ ಚಕ್ರ ಹಾಕುದ್ರೆ ತುತ್ತು ಸಣ್ಣದಾಯ್ತದೆ. ಎಂಜಿನ್ನು ಸಲೀಸಾಗಿ ತಿರುಗ್ತದೆ."

ಆವತ್ತು ದೋಸೆಗೆ ಹೋಗಲಿಲ್ಲ. ಅರ್ಪಿತಳೇ ಬೇಡವೆಂದಳು.

ಸಂಜೆ ಬೆಲ್ಲ ಇಳಿಯಿತು. ಹೊಂಬಣ್ಣ ಬರಬೇಕಿದ್ದ ಅಚ್ಚುಗಳು ಕರ್ರಗಿದ್ದವು. ಸಂತೆಯಲ್ಲಿ ಅವನ್ನು ಯಾರೂ ಮೂಸಿಯೂ ನೋಡರು ಎಂದು ಅವಳಿಗೂ ಗೊತ್ತಿತ್ತು. ಚಲುವಯ್ಯ ಬಾಳೆ ಎಲೆಯ ಚೂರಿನ ಮೇಲೆ ಬಿಸಿ ಬೆಲ್ಲ ಇಟ್ಟು ಅವಳ ಮುಂದೆ ಹಿಡಿದ. "ತಗಳವ್ವ. ಆಲೆಮನೆಗೆ ಬಂದೋರು ಬರಿಗೈಲಿ ಓಗಬಾರ್ದು."

ಬೆಲ್ಲ ಕಹಿಯಾಗಿತ್ತು. ಅವಳು ಕಣ್ಣು ಮುಚ್ಚಿ ಪೂರ್ತಿ ತಿಂದಳು.

ಯುಗಾದಿ ಹೋಗಿ ಬಿಸಿಲು ಬಲಿತ ಮೇಲೆ ಒಂದು ದಿನ ಬಸ್‌ಸ್ಟ್ಯಾಂಡಿನ ಎಸ್‌ಟಿಡಿ ಬೂತಿಗೆ ಮಾವನ ಫೋನ್ ಬಂತು. ಅಮ್ಮ ಮಾತಾಡಿ ಅರ್ಪಿತಳ ಕೈಗೆ ಕೊಟ್ಟಳು.

"ಪುಟ್ಟಿ, ಸರೋವರದ ಐಸ್ ಕರಗ್ತು! ಚಕ್ರ ಬದಲಾಯಿಸಿ ಬೋಟ್ ಇಳಿಸಿದ್ವಿ. ಆರು ಜನ ಕೂತ್ರೂ ಮೂತಿ ಎತ್ತುಬುಡ್ತು ಕಣೇ!" ಅವನ ಖುಷಿ ತಂತಿಯಲ್ಲಿ ಕರಕರ ಎಂದಿತು. "ಮೊನ್ನೆ ಆಚೆ ದಡದಲ್ಲಿ ಒಬ್ಬನಿಗೆ ಹೊಟ್ಟೆನೋವು. ಟೀ ಆರೋದ್ರೊಳಗೆ ಡಾಕ್ಟ್ರ ಮುಂದೆ ಕೂರ್ಸಿದ್ವಿ. ದೊಡ್ಡಪ್ಪನಿಗೆ ಹೇಳು, ಸೀದ ಬೆಲ್ಲದ ಋಣ ನಮ್ಮೇಲಿದೆ, ಬಂದಾಗ ತೀರಿಸ್ತೀನಿ ಅಂತ."

ಅರ್ಪಿತ ಆಲೆಮನೆಗೆ ಓಡಿದಳು. ವರ್ಷದ ಕೊನೆಯ ಕಬ್ಬು ಅರೆಯುತ್ತಿದ್ದರು.

"ತಾತ! ಬೋಟ್ ಓಡ್ತು! ಸೀದ ಬೆಲ್ಲದ ಋಣ ತೀರಿಸ್ತಾನಂತೆ ಮಾವ. ನಾನೂ ತೀರಿಸ್ತೀನಿ."

ಚಲುವಯ್ಯ ಒಲೆಯಿಂದ ತಲೆ ಎತ್ತಿದ. "ಬೋಟ್ ಓಡ್ತಾ? ಬೋ ಒಳ್ಳೇದಾಯ್ತು. ಅದ್ಯಾವ ಬೆಲ್ಲ ಕಣವ್ವ?"

"ಅದೇ ತಾತ, ನಾನು ಗಾಣ ನಿಲ್ಲಿಸ್ಬುಟ್ಟಿದ್ನಲ್ಲ..."

"ನಂಗೆ ಗ್ಯಾಪ್ಕನೇ ಇಲ್ಲ ಬುಡು. ವಯಸ್ಸಾಯ್ತು." ಅವನು ಮತ್ತೆ ಒಲೆಗೆ ಸಿಪ್ಪೆ ತುಂಬತೊಡಗಿದ.

ನಿಜವಾಗಿಯೂ ಮರೆತನೇ? ಅರ್ಪಿತ ಗಾಣದ ಕಡೆ ತಿರುಗಿದಳು.

ಗಾಣದ ಬಾಯಿಗೆ ಕಬ್ಬು ಜಾರಿಸಲು, ಕಾಲುವೆಯಂಥ ಹೊಸದೊಂದು ಮರದ ದೋಣೆ ಕೂರಿಸಿದ್ದರು. ಉದ್ದಕ್ಕೆ, ಇಕ್ಕಟ್ಟಾಗಿ. ಎರಡು ಕಬ್ಬಿಗಿಂತ ಹೆಚ್ಚು ಹಿಡಿಯುವಂತಿರಲಿಲ್ಲ. ಮಕ್ಕಳ ಕೈ ಎಷ್ಟು ಚಾಚಿದರೂ ಗಾಣಕ್ಕೆ ಮುಟ್ಟುವಂತಿರಲಿಲ್ಲ. ಅದರ ಅಂಚಿನಲ್ಲಿ ಉಳಿ ಹೊಡೆದ ಗುರುತು ಇನ್ನೂ ಹಸಿಯಾಗಿತ್ತು.

ಅವಳು ಸುಮ್ಮನೆ ಅದರ ಮೇಲೆ ಬೆರಳಾಡಿಸಿದಳು. ಮತ್ತೆ ಬೆಲ್ಲದ ಮಾತು ಎತ್ತಲಿಲ್ಲ. ಬೈರಮ್ಮನ ಪಕ್ಕ ಕೂತು ಕಬ್ಬು ಎತ್ತಿಕೊಡತೊಡಗಿದಳು, ಎರಡೆರಡೇ.