ರೀಲಿನ ಗೊರಗೊರ

"ಆ ಹಳೇ ಟೇಪಿನ ರೀಲು ಬೇಕಾದ್ರೆ ತಗೋ. ಅದರ ಗೊರಗೊರ ಮಾತ್ರ ತೆಗೀಬೇಡ," ಎಂದ ಮಾವ.

ಅವಳು ನಕ್ಕುಬಿಟ್ಟಳು. ಹಳೆಯ ಹಾಡುಗಳ ಗೊರಗೊರ ತೆಗೆಯುವುದೇ ಅವಳ ಕಸುಬು. ಅದಕ್ಕೆಂದೇ ಸೌಂಡ್ ಇಂಜಿನಿಯರಿಂಗ್ ಓದಿ, ಸೋದರಮಾವನ ಈ ನೆಲಮಾಳಿಗೆಯ ಸ್ಟುಡಿಯೋಗೆ ಮೊನ್ನೆಯಷ್ಟೇ ಬಂದಿದ್ದಳು. ಕ್ಷೌರದ ಅಂಗಡಿಗೆ ಬಂದವನು ಕೂದಲು ಮುಟ್ಟಬೇಡ ಎಂದ ಹಾಗಾಯಿತು.

"ಯಾಕೆ ಮಾವ, ದೆವ್ವ ಬರತ್ತಾ?"

"ಮಾಟ ಇದೆ ಅದರಲ್ಲಿ." ಮಾವನ ದನಿ ತಗ್ಗಿತು. "ಹಾಡಿದವಳನ್ನ ಕಂಡ್ರೆ ಆಗದೋರು ಪರದೆ ಹಿಂದೆ ಮಂತ್ರವಾದಿ ಒಬ್ಬನ್ನ ಕೂರಿಸಿದ್ರು. ಅವನು ಗೊಣಗಿದ್ದೂ ಟೇಪಿಗೆ ಹತ್ತಿಬಿಡ್ತು. ಅವತ್ತು ಕೇಳಿದವರ ಬಾಯೆಲ್ಲಾ ಬಿದ್ದುಹೋಯ್ತು. ಅಳಿಸಿದ್ರೆ ಬೆಳಗಾಗೋದ್ರಲ್ಲಿ ಮತ್ತೆ ಇರ್ತಿತ್ತು. ಆಮೇಲೆ ಈ ಗೊರಗೊರ ಬಂತು. ಅವರಿಗೆಲ್ಲಾ ಮಾತೂ ಬಂತು."

"ಗೊರಗೊರ ಎಲ್ಲಿಂದ ಬಂತು?"

ಮಾವ ಹೆಂಡತಿಯ ಕಡೆ ನೋಡಿದ. ಮೂಲೆಯಲ್ಲಿ ಲೋಟ ತೊಳೆಯುತ್ತಿದ್ದ ಅತ್ತೆಯ ಕೈ ನಿಂತಿತು. ಅತ್ತೆಗೆ ಮಾತು ಬಾರದು. ಹುಟ್ಟಿನಿಂದಲೋ ನಡುವೆ ಹೋದದ್ದೋ, ಮನೆಯಲ್ಲಿ ಯಾರೂ ಬಾಯಿ ಬಿಟ್ಟು ಹೇಳಿದ್ದಿಲ್ಲ.

ಅಡಗೂಲಜ್ಜಿ ಕತೆ ಎಂದುಕೊಂಡಳು. ಅದಕ್ಕಿಂತ ಹೆಚ್ಚಾಗಿ ಅವಳಿಗೆ ಅನುಮಾನ ಬಂದಿತ್ತು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಮಾವನೂ ಹಾಗೇ ಮತ್ತೆ ಮತ್ತೆ ಹೆಂಡತಿಯ ಮುಖ ನೋಡುತ್ತಿದ್ದ. ಈ ಹಾಡಿಗೆ ಬೇಡಿಕೆ ಇದೆ ಎಂಬುದು ಅವನಿಗೂ ಗೊತ್ತು. ತಾನು ಮುಟ್ಟದ ಹಾಗೆ ಮಾಡಿ, ಒಳಗೊಳಗೇ ಬೇರೆ ಯಾರಿಗೋ ಕೊಡುವ ಹುನ್ನಾರವಿದ್ದೀತು. ತನ್ನ ಕಂಪ್ಯೂಟರು ಬಂದಾಗಿನಿಂದ ಮಾವನ ಮುಖ ಸಪ್ಪಗಾಗಿದ್ದನ್ನು ಅವಳು ನೋಡಿರಲಿಲ್ಲವೇ?

ಅವಳು ಹೇಳದೇ ಉಳಿಸಿಕೊಂಡ ಒಂದು ಸಂಗತಿಯೂ ಇತ್ತು. ಮಾವ ಬರುವ ಮೊದಲೇ ರೀಲಿನ ಹಸಿ ಪ್ರತಿಯನ್ನು, ಗೊರಗೊರದ ಸಮೇತ, ಮಾದರಿಗೆಂದು ಹಾಡಿನ ಕಂಪನಿಗೆ ಕಳಿಸಿಬಿಟ್ಟಿದ್ದಳು.

ಮಧ್ಯಾಹ್ನ ಮಾವ, ಅತ್ತೆ ಊಟಕ್ಕೆ ಮೇಲೆ ಹೋದರು. ಅವಳು ರೀಲನ್ನು ಮತ್ತೆ ಯಂತ್ರಕ್ಕೆ ಏರಿಸಿದಳು. ಕೊಳೆತ ಟೇಪಿನಿಂದ ಹುಳಿನಾತ ಎದ್ದು ಗಂಟಲಿಗೆ ಹತ್ತಿತು. ಹಿಂದೆ ಸೋಫಾದ ಮೇಲೆ ಅವಳ ಮಗಳು ಗಿಣಿ, ತನ್ನ ಗೊಂಬೆಯೊಂದಿಗೆ ಅರಳು ಹುರಿದ ಹಾಗೆ ಮಾತಾಡುತ್ತಿದ್ದಳು. ಮೂರು ವರ್ಷ ತುಂಬಿದರೂ ತುಟಿ ಬಿಚ್ಚದ ಮಗು. ವೈದ್ಯರ ಬಾಗಿಲು ಕಾದು, ಕಂಡ ದೇವರಿಗೆಲ್ಲ ಕೈಮುಗಿದ ಮೇಲೆ ಈಚೆಗಷ್ಟೇ ಮಾತು ಬಂದಿತ್ತು. ಆ ವಟವಟವೊಂದಿದ್ದರೆ ಅವಳಿಗೆ ಬೇರೇನೂ ಬೇಡವಾಗಿತ್ತು.

ಹಾಡಿಲ್ಲದ ಕಡೆ ಬರೀ ಗೊರಗೊರವಿದ್ದ ತುಣುಕನ್ನು ಗುರುತು ಹಾಕಿ ಕಂಪ್ಯೂಟರಿಗೆ ತೋರಿಸಿದಳು. ಇಂಥದ್ದೆಲ್ಲ ಕಸ, ತೆಗೆ ಎಂದು ಅದಕ್ಕೆ ಹೇಳಿಕೊಡುವುದು ಹೀಗೆ.

"ನಿನ್ನ ಸೊಲ್ಲಡಗ," ಎಂದು ಗೊರಗೊರಕ್ಕೆ ಬೈದು ಗುಂಡಿ ಒತ್ತಿದಳು.

ಕಸದ ಜೊತೆ ಕಾಳೂ ಹೋಯಿತೇ ಎಂದು ನೋಡಲು, ತೆಗೆದು ಹಾಕಿದ್ದನ್ನಷ್ಟೇ ಹೆಡ್‌ಫೋನಿನಲ್ಲಿ ಕೇಳುವುದು ಅವಳ ರೂಢಿ. ಕಿವಿ ಮುಚ್ಚಿಕೊಂಡು ಕೇಳಿದಳು. ಶುದ್ಧವಾದ ಹಾಡು ಹೊರಗೆ ಸ್ಪೀಕರಿನಲ್ಲಿ ಓಡುತ್ತಿತ್ತು. ಅದನ್ನು ಆರಿಸಲು ಮರೆತಿದ್ದಳು.

ಗೊರಗೊರ. ಬರೀ ಗೊರಗೊರ. ಆಮೇಲೆ ಅದರೊಳಗೊಂದು ಹೆಣ್ಣುದನಿ. ಪದವಿಲ್ಲ, ರಾಗವೂ ಇಲ್ಲ, ಮಗುವನ್ನು ತಟ್ಟಿ ಮಲಗಿಸುವಾಗಿನ ಗುನುಗು. ಎಲ್ಲೋ ಕೇಳಿದ ದನಿ. ಅತ್ತೆ ಕೆಮ್ಮಿದಾಗ ಗಂಟಲಿಂದ ಹೊರಡುವುದು ಇದೇ ದನಿಯಲ್ಲವೇ?

ತಿರುಗಿದಳು.

ಗಿಣಿಯ ಬಾಯಿ ಆಡುತ್ತಿತ್ತು. ಕಣ್ಣಲ್ಲಿ ನೀರು. ಕತ್ತಿನ ನರ ಉಬ್ಬಿತ್ತು. ಹೆಡ್‌ಫೋನ್ ಕೀಳಲು ಅವಳು ಕೈ ಎತ್ತಿದಳು. ಅಷ್ಟರಲ್ಲಿ ಅತ್ತೆ ಮೆಟ್ಟಿಲಿಳಿದು ಓಡಿಬಂದು, ಆ ಕೈಯನ್ನು ಅದುಮಿ ಹಿಡಿದು, ಇನ್ನೊಂದು ಕೈಯಿಂದ ಸ್ಪೀಕರಿನ ವೈರನ್ನು ಕಿತ್ತೆಸೆದಳು. ಆಮೇಲೆ ಬಿಟ್ಟಳು.

ಮಗು ಅಳುತ್ತಿತ್ತು. ಹೆಡ್‌ಫೋನ್ ತೆಗೆದರೂ ಅಳು ಕೇಳಿಸುತ್ತಿರಲಿಲ್ಲ.

"ಅದು ಗೊರಗೊರ ಅಲ್ಲ ಕಣೇ," ಎಂದ ಬಾಗಿಲಲ್ಲಿ ನಿಂತ ಮಾವ, ಕಿವಿಗೆ ಇಟ್ಟುಕೊಂಡಿದ್ದ ಬೆರಳು ತೆಗೆಯುತ್ತಾ. "ನಿಮ್ಮತ್ತೆ ಧ್ವನಿ. ಕಿವಿಗೆ ಹತ್ತಿ ತುರುಕ್ಕೊಂಡು ಮಾಟದ ಮೇಲೆ ಹೊದಿಸಿದ್ಲು. ಹೊದಿಸಿದ ಧ್ವನಿ ತಿರುಗಿ ಅವಳಿಗೆ ಬರಲಿಲ್ಲ. ಒಮ್ಮೆ ತೆಗೆದ ಧ್ವನಿ ಮತ್ತೆ ಅದಕ್ಕೆ ಹತ್ತೋದೂ ಇಲ್ಲ."

"ಮೊದಲೇ ಹೇಳೋದಲ್ವಾ ಮಾವ?"

"ಹೇಳಿದ್ರೆ ನಂಬ್ತಿದ್ಯಾ?"

ಅವಳಿಗೆ ನಾಚಿಕೆಯಾಯಿತು. ಆದರೆ ನಾಚಿಕೆಪಡಲೂ ಹೊತ್ತಿರಲಿಲ್ಲ. ಏನು ಮಾಡಬೇಕೆಂದು ಯಾರೂ ಹೇಳಬೇಕಾಗಲಿಲ್ಲ. ಅತ್ತೆ ಹತ್ತಿಯ ಉಂಡೆ ತಂದು ಅವಳ ಕಿವಿಗಿಟ್ಟಳು. ಧ್ವನಿಮುದ್ರಣದ ಕತ್ತಲೆಯ ಪುಟ್ಟ ಕೋಣೆ. ಎದುರಿಗೆ ಮೈಕು. ಹುಳಿನಾತ. ಶುದ್ಧ ಮಾಡಿದ ಹಾಡಿನ ಮೇಲೆ ಹೊದೆಯುವಂತೆ, ಗಿಣಿಗೆ ಹಾಡುತ್ತಿದ್ದ ಜೋಗುಳ ಹಾಡಿದಳು. ಒಂದೊಂದು ಸಾಲಿಗೂ ಗಂಟಲು ಬರಿದಾಯಿತು. ಕೊನೆಯ ಸಾಲು ಬರೀ ಉಸಿರಾಗಿತ್ತು. ಮುಗಿಯಿತು. ಕಿವಿಯ ಹತ್ತಿ ಕಿತ್ತಳು.

"ಅಮ್ಮಾ," ಎಂದಿತು ಮಗು.

ಅವಳು ಓಗೊಡಲು ಹೋದಳು. ಏನೂ ಬರಲಿಲ್ಲ. ಮಗಳನ್ನು ಅಪ್ಪಿಕೊಂಡು ಸದ್ದಿಲ್ಲದೆ ಅತ್ತಳು. ದುಃಖಕ್ಕಿಂತ ನೆಮ್ಮದಿಯೇ ಹೆಚ್ಚಿತ್ತು. ಮಾವ ಕಣ್ಣೊರೆಸಿಕೊಂಡು, ಅಂಗಡಿಯಿಂದ ಹಾಲು ತರುತ್ತೇನೆಂದು ಬೀದಿಗೆ ಹೋದ.

ಫೋನು ಬಡಿದುಕೊಂಡಿತು. ಕಂಪನಿಯವನು.

"ಮೇಡಂ, ಬೆಳಗ್ಗೆ ಕಳಿಸಿದ್ರಲ್ಲ, ಆ ಹಾಡು ಭರ್ಜರಿಯಾಗಿದೆ. ನೀವೇನೂ ಕ್ಲೀನ್ ಮಾಡೋದು ಬೇಡ. ನಮ್ಮ ಆ್ಯಪೇ ಗೊರಗೊರನೆಲ್ಲ ತೆಗೆದುಹಾಕತ್ತೆ. ಈಗ್ಲೇ ಆನ್‌ಲೈನಲ್ಲಿ ಬಿಡ್ಲಾ?"

ಅವಳು ಬಾಯಿ ತೆರೆದಳು. ಮೇಜು ಗುದ್ದಿದಳು. ಬೆರಳಿಂದ ಬರೆದು ಕಳಿಸಲು ಹೋದರೆ, ಎರಡಕ್ಷರ ಮೂಡುವಷ್ಟರಲ್ಲಿ ಅವನೇ ಮಾತಾಡಿದ.

"ಹಲೋ? ಕೇಳಿಸ್ತಿಲ್ಲ. ಮೌನಂ ಸಮ್ಮತಿ ಲಕ್ಷಣಂ ಅಂತಾರಲ್ಲ ಮೇಡಂ, ಹಂಗೇ ಅನ್ಕೋತೀನಿ. ಹಾಂ, ಬಿಟ್ಟೆ. ನಾನೇ ಮೊದ್ಲು ಕೇಳ್—"

ಆಚೆ ಬದಿ ಬರೀ ಉಸಿರು.

ಮೆಟ್ಟಿಲ ಬಾಗಿಲು ತೆರೆದೇ ಇತ್ತು. ದೂರದಲ್ಲಿ ಮೊಬೈಲ್ ಅಂಗಡಿಯ ಸ್ಪೀಕರು ಹೊಸ ಹಾಡೊಂದನ್ನು ಶುರು ಮಾಡಿದಂತಾಯಿತು. ಅವಳು ಹಾರಿ ಬಾಗಿಲು ಮುಚ್ಚಿದಳು. ಮುಚ್ಚುವ ಮೊದಲು, ಬಸ್‌ಸ್ಟಾಪಿನ ಗದ್ದಲ ಒಂದೊಂದೇ ದನಿಯಾಗಿ ಕರಗುತ್ತಿದ್ದುದು ಕೇಳಿಸಿತು.

ಸ್ವಲ್ಪ ಹೊತ್ತಿಗೆ ಬಾಗಿಲು ತಳ್ಳಿಕೊಂಡು ಮಾವ ಬಂದ. ಕೈಯಲ್ಲಿ ಹಾಲಿನ ಪೊಟ್ಟಣ.

"ತಾತ, ಹೊರಗೆ ಯಾಕೆ ಯಾರೂ ಮಾತಾಡ್ತಿಲ್ಲ?" ಎಂದು ಕೇಳಿತು ಮಗು.

ಮಾವ ಬಾಯಿ ತೆರೆದ. ಅದನ್ನು ನೋಡಿ ಅತ್ತೆ ಸೆರಗಿನಿಂದ ಮುಖ ಮುಚ್ಚಿಕೊಂಡಳು.