ಜುಲೈ ಒಂದರಂದು ಹುಟ್ಟಿದವರು

ಬಾಗಿಲು ತೆರೆದರೆ, ಎದುರಿಗೆ ನಿಂತಿದ್ದವರು ನಮಸ್ಕಾರ ಕೂಡ ಹೇಳಲಿಲ್ಲ.

"ಮೇಡಂ, ನಿಮ್ಮ ಕಂಪ್ಯೂಟರ್ ನನ್ನನ್ನ ನಕಲಿ ಅಂತಿದೆ."

ವಾಸಂತಿ ಕನ್ನಡಕ ಸರಿಮಾಡಿಕೊಂಡಳು. ಕೂದಲು ಪೂರ್ತಿ ಬೆಳ್ಳಗಾಗಿದೆ, ಹೊಟ್ಟೆ ಸ್ವಲ್ಪ ಮುಂದೆ ಬಂದಿದೆ. ಆದರೆ ಒಂದು ಹುಬ್ಬು ಎತ್ತಿ ನೇರವಾಗಿ ನೋಡುವ ಆ ನೋಟ! ಮೂವತ್ತೊಂಬತ್ತು ವರ್ಷದ ಹಿಂದೆ ಅವಳ ನಿದ್ದೆ ಕೆಡಿಸಿದ್ದು ಅದೇ. ಅರವತ್ತೊಂಬತ್ತಾದ ಮೇಲೆ ಎದೆ ಹಾಗೆಲ್ಲ ಧಸಕ್ಕೆನ್ನಬಾರದು. ಆದರೂ ಎಂದಿತು, ಏನು ಮಾಡೋದು!

"ಪಾಟೀಲರೇ, ಒಳಗೆ ಬರ್ತೀರೋ, ಜಗಳ ಮೆಟ್ಟಿಲ ಮೇಲೇ ಆಡ್ತೀರೋ?"

"ಒಳಗೆ ಬಂದ್ರೆ ಕಾಫಿ ಕೊಟ್ಟು ಬಾಯಿ ಮುಚ್ಚಿಸ್ತೀರಿ."

"ಕಾಫಿಪುಡಿ ಮುಗಿದಿದೆ. ಚಹಾ ಕೊಟ್ಟು ಮುಚ್ಚಿಸ್ತೀನಿ."

ಏಕನಾಥ ಪಾಟೀಲರು ನಕ್ಕುಬಿಟ್ಟರು. ದೆಹಲಿಯ ಆಚೆಯ ಇಂದಿರಾಪುರಂನಿಂದ ಈ ತುದಿಯ ವಸಂತ್ ಕುಂಜ್‌ವರೆಗೆ ಕಾಪಾಡಿಕೊಂಡು ಬಂದಿದ್ದ ಸಿಟ್ಟು ಅಲ್ಲೇ ಅರ್ಧ ಇಳಿಯಿತು.

ಸೋಫಾದಲ್ಲಿ ಕೂತು ಅವರು ಮೊಬೈಲ್ ಮುಂದೆ ಹಿಡಿದರು. ನಿವೃತ್ತ ನೌಕರರ ಆರೋಗ್ಯ ಕಾರ್ಡಿನ ಬಗ್ಗೆ ಅವರ ಹಳೆಯ ಇಲಾಖೆಯಿಂದ ಬಂದ ಮೆಸೇಜ್ ಅದು: ನಿಮ್ಮ ದಾಖಲೆ ನಕಲಿ, ಕಾರ್ಡ್ ರದ್ದಾಗಲಿದೆ.

ವಾಸಂತಿಯ ಮುಖ ಸಪ್ಪಗಾಯಿತು. ಅವಳಿಗೂ ಎರಡು ದಿನದ ಹಿಂದೆ ಒಂದು ವರದಿ ಬಂದಿತ್ತು. ಆ ಕಾರ್ಡುಗಳ ಇಡೀ ವ್ಯವಸ್ಥೆಯನ್ನು ೧೯೮೬ರಲ್ಲಿ ವಿನ್ಯಾಸ ಮಾಡಿ, ಪ್ರೋಗ್ರಾಂ ಬರೆದವಳು ಅವಳೇ. ಇಲಾಖೆಯಲ್ಲಿ ಕಂಪ್ಯೂಟರ್ ಮುಟ್ಟಿದ ಮೊದಲ ಹೆಂಗಸು. ಈಗ ಅದನ್ನು ಹೊಸ ವ್ಯವಸ್ಥೆಗೆ ಸಾಗಿಸುತ್ತಿದ್ದಾರೆ. ಹೊಸದು ಪರೀಕ್ಷೆ ನಡೆಸಿ, ಹನ್ನೊಂದು ಸಾವಿರ ಕಾರ್ಡು ನಕಲಿ ಎಂದಿದೆ. ಕಾರಣ: ಮೂಲ ವಿನ್ಯಾಸದ ದೋಷ. ಮೂಲ ವಿನ್ಯಾಸ ಅಂದರೆ ಯಾರು? ವಾಸಂತಿ. ಮರುದಿನ ಸೋಮವಾರ, ಆ ಮಾತನ್ನು ಒಪ್ಪಿ ಸಹಿ ಹಾಕುವ ಮೀಟಿಂಗ್.

"ಜೀವಮಾನವೆಲ್ಲ ಮಾಡಿದ್ದು ಅದೊಂದೇ ಕೆಲಸ, ಪಾಟೀಲರೇ. ಮದುವೆ ಇಲ್ಲ, ಮಕ್ಕಳಿಲ್ಲ. ಅದೂ ತಪ್ಪು ಅಂತಾದ್ರೆ ನಾನು ಮಾಡಿದ್ದಾದ್ರೂ ಏನು?"

ಜಗಳಕ್ಕೆ ಬಂದವರು ಮೊಬೈಲ್ ಜೇಬಿಗಿಟ್ಟರು. "ಪೆನ್ಸಿಲ್ ಇದೆಯಾ?" ಎಂದರು.

ಆ ಕಾಲದಲ್ಲಿ ಮೆಷಿನ್ ಸಿಗುತ್ತಿದ್ದದ್ದು ವಾರಕ್ಕೆ ಎರಡೇ ಗಂಟೆ. ಉಳಿದ ದಿನವೆಲ್ಲ ಕಾಗದದ ಮೇಲೆ. ಒಬ್ಬರು ಪ್ರೋಗ್ರಾಂನ ಒಂದೊಂದು ಸಾಲು ಓದುವುದು, ಇನ್ನೊಬ್ಬರು ತಾವೇ ಮೆಷಿನ್ ಆಗಿ, ಸ್ವಂತ ಬುದ್ಧಿ ಓಡಿಸದೆ, ಹೇಳಿದ್ದಷ್ಟನ್ನೇ ಬರೆದುಕೊಂಡು ಹೋಗುವುದು. ದಾಖಲೆ ವಿಭಾಗದ ಗುಮಾಸ್ತ ಏಕನಾಥ ಕ್ಯಾಂಟೀನಿನಲ್ಲಿ ಎಷ್ಟು ಮಧ್ಯಾಹ್ನ ಅವಳ ಮೆಷಿನ್ ಆಗಿರಲಿಲ್ಲ!

ವರದಿಯ ಜೊತೆ ಹಳೆಯ ಪ್ರೋಗ್ರಾಂನ ಪ್ರತಿಯೂ ಬಂದಿತ್ತು. ವಾಸಂತಿ ಓದಿದಳು. ಏಕನಾಥರು ತಮ್ಮದೇ ಹೆಸರು, ತಮ್ಮದೇ ಹುಟ್ಟಿದ ದಿನ ಹಾಕಿಕೊಂಡು ಬರೆದರು.

"ಹುಟ್ಟಿದ್ದು?"

"ಜುಲೈ ಒಂದು. ಅವ್ವಂಗೆ ವರ್ಷ ಮಾತ್ರ ಗೊತ್ತಿತ್ತು. ಜುಲೈ ಒಂದು ಅಂತ ಸರ್ಕಾರ ಹೇಳ್ತು."

ವಾಸಂತಿ ಅಲ್ಲೇ ತಡೆದಳು. ಮುಂದಿನ ಎಂಟು ಸಾಲುಗಳನ್ನು ಅವಳು ನೋಡದೆಯೇ ಹೇಳಬಲ್ಲಳು.

ಅವು ಹುಟ್ಟಿದ್ದು ೧೯೮೬ರ ಒಂದು ಮೀಟಿಂಗಿನಿಂದ. ಹೆಸರು ಒಂದೇ, ಹುಟ್ಟಿದ ದಿನ ಒಂದೇ ಆದರೆ ಇಬ್ಬರೂ ಒಬ್ಬರೇ, ಒಂದನ್ನು ತೆಗೆದುಹಾಕಿ ಎಂದು ಅವಳು ಜಂಬದಿಂದ ವಿವರಿಸುತ್ತಿದ್ದಳು. ಹಿಂದಿನ ಸಾಲಿನಿಂದ ಈ ಮನುಷ್ಯ ಎದ್ದು ನಿಂತ. "ಮೇಡಂ, ನನ್ನ ಲೆಡ್ಜರಿನಲ್ಲಿ ನಾಲ್ಕು ಜನ ರಾಮ್ ಸಿಂಗ್ ಇದ್ದಾರೆ. ನಾಲ್ವರೂ ಜುಲೈ ಒಂದು. ಹುಟ್ಟಿದ ದಿನ ಗೊತ್ತಿಲ್ಲದವರಿಗೆಲ್ಲ ಅದನ್ನೇ ಬರೀತೀವಿ. ನಿಮ್ಮ ಮೆಷಿನ್ ಮೂವರನ್ನ ಸಾಯಿಸುತ್ತೆ." ಇಡೀ ಹಾಲ್ ಗೊಳ್ಳೆಂದು ನಕ್ಕಿತು. ವಾಸಂತಿ ಫೈಲ್ ಮುಚ್ಚಿ ಹೊರಗೆ ನಡೆದಳು.

ಆಮೇಲೆ ಆ ಎಂಟು ಸಾಲು ಬರೆದಳು: ಜುಲೈ ಒಂದಾದರೆ ತಂದೆಯ ಹೆಸರು, ಊರಿನ ಹೆಸರನ್ನೂ ನೋಡು. ಅದೇ ಎಂಟು ಸಾಲಿಗೆ ಅವಳಿಗೆ ಪ್ರಶಸ್ತಿ ಬಂತು. ಅಷ್ಟರಲ್ಲಿ ಏಕನಾಥರಿಗೆ ಭೋಪಾಲಿಗೆ ವರ್ಗ ಆಗಿತ್ತು.

ಅವಳು ಹೊಸ ವ್ಯವಸ್ಥೆಯ ಹುಡುಗರ ಮುಖ್ಯಸ್ಥ ಸಾತ್ವಿಕ್‌ಗೆ ಫೋನ್ ಮಾಡಿದಳು. ಕನ್ನಡದವನೇ, ಬೆಳೆದದ್ದು ದೆಹಲಿ.

"ಅಚ್ಛಾ, ಆ ಎಂಟು ಸಾಲಿನ ಬ್ಲಾಕಾ, ಆಂಟಿ? ಯಾಕೆ ಅಂತ ಪಕ್ಕದಲ್ಲಿ ಏನೂ ಬರೆದಿರಲಿಲ್ಲ. ಕಿಸೀ ಕೋ ಸಮಝ್ ನಹೀಂ ಆಯಾ, ಯಾರಿಗೂ ಅರ್ಥ ಆಗಲಿಲ್ಲ. ವೇಸ್ಟ್ ಅಂತ ತೆಗೆದುಬಿಟ್ವಿ."

ಆ ಸಾಲುಗಳು ಹೋದ ಮೇಲೆ, ಒಂದೇ ಹೆಸರಿನ ಜುಲೈ ಒಂದರವರೆಲ್ಲ ಹೊಸ ವ್ಯವಸ್ಥೆಗೆ ನಕಲಿ. ವಾಸಂತಿ ಫೋನ್ ಕೆಳಗಿಟ್ಟಳು.

"ತಪ್ಪು ಹುಡುಗರದ್ದು," ಎಂದರು ಏಕನಾಥರು. "ನೀವು ಗೆದ್ರಿ."

"ಪ್ರತಿ ಸಾಲಿನ ಪಕ್ಕದಲ್ಲೂ ಯಾಕೆ ಬರೆದೆ ಅಂತ ಬರೆಯೋಳು ನಾನು. ಅಲ್ಲಿ ಮಾತ್ರ ಬರೀಲಿಲ್ಲ. ಯಾಕೆ ಗೊತ್ತಾ?" ಅವಳು ಅವರ ಕಡೆ ನೋಡಲಿಲ್ಲ. "ಬರೆದಿದ್ರೆ ನಿಮ್ಮ ಹೆಸರು ಬರೀಬೇಕಿತ್ತು."

ಏಕನಾಥರು ಪೆನ್ಸಿಲನ್ನು ಬೆರಳಲ್ಲಿ ತಿರುಗಿಸುತ್ತಾ ಕೂತರು. "ಚಹಾ ತಣ್ಣಗಾಯ್ತು," ಎಂದರು ಕೊನೆಗೆ, ಬಹಳ ಮೆತ್ತಗೆ.

ಸೋಮವಾರ ಹನ್ನೊಂದು ಗಂಟೆಗೆ ಇಬ್ಬರೂ ಇಲಾಖೆಯ ಕಾನ್ಫರೆನ್ಸ್ ಹಾಲಿನಲ್ಲಿದ್ದರು. ಮೇಜಿನ ತುದಿಯಲ್ಲಿ ದೊಡ್ಡ ಅಧಿಕಾರಿ, ಸುತ್ತ ಇಪ್ಪತ್ತು ಜನ, ಗೋಡೆ ತುಂಬ ಪರದೆ. ವಾಸಂತಿ ಮೈಸೂರು ರೇಷ್ಮೆ ಉಟ್ಟು ಬಂದಿದ್ದಳು. ಸೋಲುವುದಾದರೂ ಚೆನ್ನಾಗಿ ಕಂಡೇ ಸೋಲಬೇಕು ಎಂಬ ಹಟ.

"ಒಂದೇ ಪ್ರಶ್ನೆ," ಎಂದಳು ಹಿಂದಿಯಲ್ಲಿ. "ನಿಮ್ಮಲ್ಲಿ ಯಾರ ಅಪ್ಪ, ಅಜ್ಜನ ಹುಟ್ಟಿದ ದಿನ ಕಾಗದದಲ್ಲಿ ಜುಲೈ ಒಂದು ಅಂತಿದೆ?"

ಒಂದು ಕೈ ಎದ್ದಿತು. ಮತ್ತೊಂದು. ನೋಡುತ್ತಿದ್ದಂತೆ ಒಂಬತ್ತು. ಕೊನೆಗೆ ದೊಡ್ಡ ಅಧಿಕಾರಿಯೇ ಕೈ ಎತ್ತಿದರು. "ನನ್ನ ತಂದೆ," ಎಂದರು, ನಗುತ್ತಾ.

"ಹಾಗಾದ್ರೆ ಅವರೂ ನಕಲಿನಾ?"

ಸಾತ್ವಿಕ್ ಬೆಳಗ್ಗೆಯೇ ಆ ಎಂಟು ಸಾಲನ್ನು ಹೊಸದಕ್ಕೆ ಸೇರಿಸಿದ್ದ. ಈಗ ಎಲ್ಲರ ಎದುರಿಗೆ ಪರೀಕ್ಷೆಯನ್ನು ಮತ್ತೆ ಓಡಿಸಿದ. ಪರದೆಯ ಮೇಲೆ ಅಂಕಿ ಸರಸರನೆ ಇಳಿಯಿತು. ಹನ್ನೊಂದು ಸಾವಿರ, ನಾಲ್ಕು ಸಾವಿರ, ಮುನ್ನೂರು. ಸೊನ್ನೆ.

ನಕಲಿ ಕಾರ್ಡು ಒಂದೂ ಇಲ್ಲ. ಮೂವತ್ತೊಂಬತ್ತು ವರ್ಷದಲ್ಲಿ ಒಂದೂ ಇಲ್ಲ! ಯಾರೋ ಚಪ್ಪಾಳೆ ತಟ್ಟಿದರು, ಆಮೇಲೆ ಎಲ್ಲರೂ. ಅಧಿಕಾರಿ ಎದ್ದು ನಿಂತು, "ವರದಿ ವಾಪಸ್. ಮೇಡಂ, ಆ ಕಾಲದಲ್ಲಿ ಇಷ್ಟು ದೂರ ಯೋಚಿಸಿದ್ದೀರಲ್ಲ, ಅದ್ಭುತ!" ಎಂದರು.

ಅಲ್ಲಿಗೆ ಮುಗಿಸಿದ್ದರೂ ಯಾರೂ ಕೇಳುತ್ತಿರಲಿಲ್ಲ. ಗೆದ್ದಾಗಿತ್ತು, ಹೆಸರು ಉಳಿದಾಗಿತ್ತು.

"ಯೋಚಿಸಿದ್ದು ನಾನಲ್ಲ," ಎಂದಳು ವಾಸಂತಿ. ಹಿಂದಕ್ಕೆ ಕೈ ತೋರಿಸಿದಳು. "ಹಿಂದಿನ ಸಾಲಿನಲ್ಲಿ ಕೂತಿದ್ದಾರಲ್ಲ, ಏಕನಾಥ ಪಾಟೀಲರು, ಅವರು. ನನಗೆ ಪ್ರಶಸ್ತಿ ಬಂದಾಗಲೂ ನಾನು ಹೇಳಲಿಲ್ಲ. ಸಾತ್ವಿಕ್, ಆ ಸಾಲಿನ ಪಕ್ಕದಲ್ಲಿ ಈಗಲೇ ಬರಿ. ಅವರ ಹೆಸರು, ಪೂರ್ತಿಯಾಗಿ."

ಸಾತ್ವಿಕ್ ಬರೆದ. ಎಲ್ಲರೂ ತಿರುಗಿ ನೋಡಿದರು. ಏಕನಾಥರು ಹುಬ್ಬು ಎತ್ತಲಿಲ್ಲ. ತಲೆ ತಗ್ಗಿಸಿ ಕರವಸ್ತ್ರ ಹುಡುಕುತ್ತಿದ್ದರು.

ಗೇಟಿನ ಹೊರಗೆ, ಬೇವಿನ ಮರದ ನೆರಳಲ್ಲಿ, ಇಬ್ಬರೂ ಆಟೋಗೆ ಕಾದರು.

"ಏನು, ಬಾಯಿ ಬಿದ್ದುಹೋಯ್ತಾ?"

"ಅಷ್ಟು ಜನರ ಮುಂದೆ ಹೇಳಬೇಕಿತ್ತಾ ಮೇಡಂ?"

"ಅಷ್ಟು ಜನರ ಮುಂದೆ ಹೇಳೋದು ಸುಲಭ ಇತ್ತು. ಒಬ್ಬರ ಮುಂದೆ ಹೇಳೋದು ಇನ್ನೊಂದಿದೆ, ಅದು ಕಷ್ಟ." ಅವಳು ಸೆರಗಿನ ತುದಿ ಬೆರಳಿಗೆ ಸುತ್ತಿಕೊಂಡಳು. "ನಿಮ್ಮ ಮೇಲಿನ ಸಿಟ್ಟು ಒಂದು ವಾರದಲ್ಲಿ ಹೋಯ್ತು, ಏಕನಾಥ. ನೀವು ಮಾತ್ರ ಹೋಗಲೇ ಇಲ್ಲ."

ಅವಳ ಬಾಯಲ್ಲಿ ತಮ್ಮ ಹೆಸರನ್ನು ಹಾಗೆ, ಬರೀ ಹೆಸರನ್ನು, ಅವರು ಕೇಳಿದ್ದು ಇದೇ ಮೊದಲು. "ಭೋಪಾಲಿಗೆ ಹೊರಡೋ ದಿನ," ಎಂದರು ನಿಧಾನವಾಗಿ, "ನಿಮ್ಮ ರೂಮಿನ ಮುಂದೆ ಮೂರು ಸಲ ಓಡಾಡಿದೆ. ನೀವು ತಲೆ ಎತ್ತಲಿಲ್ಲ."

"ಮೂರಲ್ಲ, ನಾಲ್ಕು. ಎಣಿಸಿದ್ದೆ."

ಏಕನಾಥರು ಜೋರಾಗಿ ನಕ್ಕರು, ನಗುತ್ತಲೇ ಕಣ್ಣು ಒರೆಸಿಕೊಂಡರು. ಭೋಪಾಲಿನಲ್ಲಿ ಅವರಿಗೆ ಮದುವೆಯಾಗಿತ್ತು, ಒಳ್ಳೆಯ ಸಂಸಾರ ಮಾಡಿದ್ದರು. ಹೆಂಡತಿ ಹೋಗಿ ಆರು ವರ್ಷ. ಈಗ ಮಗಳು ಚಿನ್ಮಯಿಯ ಜೊತೆ ಇದ್ದರು. ಇದನ್ನೆಲ್ಲ ಹಿಂದಿನ ದಿನವೇ ವಾಸಂತಿಗೆ ಹೇಳಿದ್ದರು.

ಆಟೋ ಬಂತು. "ಭಯ್ಯಾ, ಇಂದಿರಾಪುರಂ," ಎಂದು ವಾಸಂತಿ ಮೊದಲು ಹತ್ತಿ ಕೂತಳು.

"ಇಂದಿರಾಪುರಂ ನನ್ನ ಮನೆ. ನಿಮ್ಮದು ಈ ಕಡೆ ಅಲ್ವಾ?"

"ಚಿನ್ಮಯೀನ ಕೇಳಬೇಕಲ್ಲ, ಅಪ್ಪನ್ನ ನಂಗೆ ಮದುವೆ ಮಾಡಿಕೊಡ್ತೀಯಾ ಅಂತ."

ಏಕನಾಥರ ಕಿವಿ ಕೆಂಪಾಯಿತು, ಎಪ್ಪತ್ತೊಂದರಲ್ಲಿ! "ಅವಳು ಒಲ್ಲೆ ಅಂದ್ರೆ?"

"ಹನ್ನೊಂದು ಸಾವಿರ ಜನರನ್ನ ಈಗಷ್ಟೇ ಉಳಿಸಿಕೊಂಡು ಬಂದವಳು ನಾನು," ಎಂದು ವಾಸಂತಿ ಪಕ್ಕಕ್ಕೆ ಸರಿದು ಜಾಗ ಮಾಡಿದಳು. "ಒಬ್ಬನ್ನ ಬಿಟ್ಟುಕೊಡ್ತೀನಾ? ಹತ್ತಿ."