ನೆನೆದರೂ ಬಿಚ್ಚದ ಎಲೆ

ಮರಳ ದಿಣ್ಣೆಯ ಮುದಿ ಓಕ್ ಮರದ ಬಾಗಿದ ಕೊಂಬೆಯನ್ನು ಯಾರೋ ಕೊಯ್ದಿದ್ದರು. ಬುಡದಲ್ಲಿ ಬಿದ್ದಿದ್ದ ಗರಗಸ ದೋಣಿ ಕಟ್ಟುವ ಕಜೋನದು. ಅಮೆರಿಕದ ಜಾರ್ಜಿಯಾ ಕರಾವಳಿಯ ಆ ಪುಟ್ಟ ದ್ವೀಪದಲ್ಲಿ ಇದಕ್ಕಿಂತ ದೊಡ್ಡ ಅಪರಾಧವಿರಲಿಲ್ಲ. ಮರಳನ್ನು ಬೇರಿನಲ್ಲಿ ಹಿಡಿದು ಸಮುದ್ರವನ್ನು ಊರಾಚೆ ನಿಲ್ಲಿಸಿದ್ದೇ ಆ ಮರ. ಗುಲಾಮರಾಗಿ ಬಂದ ಹಿರಿಯರು ಅದಕ್ಕೆ ಕಟ್ಟಳೆ ಹಾಕಿಹೋಗಿದ್ದರು: ಅದನ್ನು ಕಡಿದವನ ದೋಣಿಯನ್ನು ದಡದಲ್ಲೇ ಸುಡಬೇಕು.

ಕಜೋನ ತಾಯಿ ಬೆನಿಬಾ ನೇರವಾಗಿ ಸಾಬ್ರಾಳ ಬಳಿಗೆ ಹೋದಳು. ಬಲೆ ಹೆಣೆಯುವ ಈ ಮುದುಕಿ ಊರಿಗೆಲ್ಲ ‘ಮಾಮ್’. ಕಳುವಾದ ಹಂದಿಯಿಂದ ಹಿಡಿದು ಸುಳ್ಳು ಉಯಿಲಿನವರೆಗೆ ಎಷ್ಟೋ ಗುಟ್ಟು ಬಿಡಿಸಿದವಳು. ಪ್ರತಿ ಸಲವೂ ಜೊತೆಗಿದ್ದ ಬೆನಿಬಾಳಿಗೆ ಗೆಳತಿಯ ಬುದ್ಧಿಯ ಮೇಲೆ ತನ್ನದೇ ಎಂಬಷ್ಟು ಜಂಬ.

“ಅವನೇ ಮಾಡಿರಬಹುದು ಅಂತ ನಿಂಗೇನಾದ್ರೂ ಅನುಮಾನ ಇದ್ಯಾ?” ಎಂದಳು ಸಾಬ್ರಾ.

“ನನ್ನ ಹೊಟ್ಟೇಲಿ ಹುಟ್ಟಿದೋನು ಕಣೇ. ಹಸಿದು ಸತ್ರೂ ಕದಿಯಲ್ಲ.”

“ಹಾಗಾದ್ರೆ ನಡಿ.”

ದಿಣ್ಣೆಯ ಮರದಿಂದ ಒಂದು ಎಲೆ ಕಿತ್ತುಕೊಂಡು ಸಾಬ್ರಾ ಬೆನಿಬಾಳೊಂದಿಗೆ ದೋಣಿ ಕಟ್ಟುವ ಚಪ್ಪರಗಳಿಗೆ ನಡೆದಳು. ಕಜೋನದೂ ಅವನ ಎದುರಾಳಿ ಟೈಟಸ್‌ನದೂ ಅಕ್ಕಪಕ್ಕ, ಎರಡಕ್ಕೂ ಬಾಗಿಲಿಲ್ಲ. ಶನಿವಾರದ ದೋಣಿ ಪಂದ್ಯಕ್ಕೆಂದು ಇಬ್ಬರೂ ಅದೇ ವಾರ ದೋಣಿಯ ಮೂತಿಗೆ ಬಾಗಿದ ಹೊಸ ಮರ ಕೂರಿಸಿದ್ದರು. ಇಬ್ಬರೂ ಮರ ತಂದದ್ದು ನದಿಯಾಚೆಯ ಕಾಡಿನಿಂದಂತೆ. ಮೂತಿಗೆ ಮರ ಕೊಟ್ಟ ಗಿಡದ ರೆಂಬೆಯೊಂದನ್ನು ಅಲ್ಲೇ ಮೊಳೆ ಹೊಡೆದು ಇಡುವುದು ಅಲ್ಲಿನ ಪದ್ಧತಿ. ಇಡದ ದೋಣಿಯನ್ನು ಸಮುದ್ರ ಹಿಂದಕ್ಕೆ ಕಳಿಸುವುದಿಲ್ಲ ಎಂಬ ನಂಬಿಕೆ. ಎರಡು ರೆಂಬೆಗಳ ಎಲೆಗಳೂ ಬಿಸಿಲಿಗೆ ಒಂದೇ ತರಹ ಸುರುಟಿದ್ದವು.

ಮಗ ಗರಗಸ ಮರೆತು ಬಂದರೆ ಅಮ್ಮ ಪತ್ತೇದಾರಿಕೆಗೆ ಹೊರಟಳು ಎಂದು ಟೈಟಸ್ ಕಿಚಾಯಿಸಿದ. ಸಾಬ್ರಾ ಕೇಳಿದ್ದು ಒಂದೇ: ಈ ರೆಂಬೆ ನಿಜಕ್ಕೂ ಮೂತಿಗೆ ಹಾಕಿದ ಮರದ್ದೇನಾ?

“ಬೇರೆ ಮರದ್ದು ಹೊಡ್ಕೊಂಡು ಸಮುದ್ರಕ್ಕೆ ಇಳಿಯೋಕೆ ನನಗೇನು ಹುಚ್ಚಾ, ಮಾಮ್?”

ಅವಳು ಎರಡೂ ರೆಂಬೆಗಳಿಂದ ಒಂದೊಂದು ಎಲೆ ಕಿತ್ತುಕೊಂಡಳು.

ಶುಕ್ರವಾರ ಸಂಜೆ ಪ್ರಾರ್ಥನೆ ಮನೆಯಲ್ಲಿ ಊರು ಸೇರಿತು. ಮೇಜಿನ ಮೇಲೆ ಮೂರು ಬಟ್ಟಲು ನೀರು. ಹಿಂದಿನ ದಿನದಿಂದ ಮೂರು ಎಲೆಗಳು ಅವುಗಳಲ್ಲಿ ನೆನೆದಿದ್ದವು.

“ಬಾಗಿಲಿಲ್ಲದ ಚಪ್ಪರದ ಗರಗಸ ಯಾರ ಕೈಗಾದ್ರೂ ಸಿಗುತ್ತೆ. ಅದನ್ನ ಬಿಡಿ, ಎಲೆ ನೋಡಿ,” ಎಂದಳು ಸಾಬ್ರಾ. “ನದಿಯಾಚೆಯ ಓಕ್ ಎಲೆ ಅಂಗೈ ಥರ ಚಪ್ಪಟೆ. ಒಣಗಿ ಸುರುಟಿದ್ರೂ ನೆನೆಸಿದ್ರೆ ಬಿಚ್ಕೊಳ್ಳುತ್ತೆ. ನಮ್ಮ ದಿಣ್ಣೇದು ಚಿಗುರಿ ಬಲಿಯುವಾಗ್ಲೇ ಅಂಚು ಮಡಚ್ಕೊಳ್ಳುತ್ತೆ, ಬೋರಲು ಹಾಕಿದ ದೋಣಿ ಥರ. ಉಪ್ಪುಗಾಳೀಲಿ ಬದುಕೋಕೆ ಕಲಿತ ಮರ ಅದು. ನೆನೆಸಿದ್ರೂ ಬಿಚ್ಚಲ್ಲ.”

ಪ್ರಾರ್ಥನೆ ಮನೆಯ ಹಿರಿಯರಾದ ಡೀಕನ್ ಎಲೆಗಳನ್ನು ಒಂದೊಂದಾಗಿ ಎತ್ತಿದರು. ಕಜೋನ ಎಲೆ ಚಪ್ಪಟೆಯಾಗಿತ್ತು. ದಿಣ್ಣೆಯದು ಮಡಚಿಯೇ ಇತ್ತು. ಟೈಟಸ್‌ನದೂ ಹಾಗೆಯೇ ಇತ್ತು.

“ಟೈಟಸ್, ಊರ ಕಟ್ಟಳೆ ಮುರಿಯೋಕೆ ನೀನು ಹೆದರಲಿಲ್ಲ. ಸಮುದ್ರಕ್ಕೆ ಸುಳ್ಳು ಹೇಳೋಕೆ ಹೆದರಿದೆ,” ಎಂದಳು ಸಾಬ್ರಾ.

ಟೈಟಸ್ ತಲೆ ತಗ್ಗಿಸಿದ. ಮೂರು ವರ್ಷ ಪಂದ್ಯದಲ್ಲಿ ಕಜೋನ ಹಿಂದೆ ಬಂದು ಸಾಕಾಗಿತ್ತು, ಅಂಥ ಬಾಗು ಬೇರೆಲ್ಲೂ ಸಿಗಲಿಲ್ಲ, ಗರಗಸ ಒಯ್ದು ಅಲ್ಲಿ ಬಿಟ್ಟದ್ದೂ ತಾನೇ ಎಂದು ಒಪ್ಪಿಕೊಂಡ. ದೋಣಿ ಸುಡಲು ಡೀಕನ್ ಅಪ್ಪಣೆ ಕೊಡುವಷ್ಟರಲ್ಲಿ ಕಜೋ ಎದ್ದು ನಿಂತ.

“ಸುಡಬೇಡಿ. ಅದು ನಮ್ಮ ಹಿರೀಕರ ಮರ, ಬೂದಿಯಾಗೋಕೆ ಬೆಳೆದದ್ದಲ್ಲ. ನಾಳೆ ಅದೇ ದೋಣೀಲಿ ಬರಲಿ. ಈ ಸಲಾನೂ ನನ್ನ ಹಿಂದೇನೇ ಬರ್ತಾನೆ.”

ಡೀಕನ್ ಆಗಲಿ ಎಂಬಂತೆ ತಲೆಯಾಡಿಸಿದರು. ಮಗನ ಮೇಲಿನ ಕಳಂಕ ತೊಳೆದುಹೋದರೆ ಸಾಕೆಂದು ಬೆನಿಬಾ ವಾರವಿಡೀ ಬೇಡಿಕೊಂಡಿದ್ದಳು. ಈಗ ಎದೆ ಉಬ್ಬಿ ಅವಳಿಗೆ ಕೂತಿರಲಾಗಲಿಲ್ಲ. ಎದ್ದು ನಿಂತು, ಊರಿಗೆಲ್ಲ ಗೊತ್ತಿದ್ದ ಮಾತನ್ನೇ ಗಟ್ಟಿಯಾಗಿ ಹೇಳಿದಳು:

“ಅವನು ನನ್ನ ಮಗ.”